ಎರಡು ಮಡಕೆ ಗಂಜಿ

ನಮ್ಮವ್ವನ ಬಾಯಿಗೆ ರುಚಿ ತಿಳಿಯುವುದಿಲ್ಲ ಎಂಬುದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಮೂವತ್ತರ ದಶಕದ ಮಾತು. ನನಗಾಗ ಹತ್ತು ವರ್ಷ. ಸಿರುಮುಗೈ ಎಂಬ ಊರಲ್ಲಿ ನಮ್ಮದು ನೇಯುವವರ ಬೀದಿ. ಮನೆಯ ಮುಂದುಗಡೆ ಅಪ್ಪನ ಮಗ್ಗ, ಹಿಂದುಗಡೆ ಅವ್ವನ ಒಲೆ. ಅವ್ವ ತಿಂಗಳಿಡೀ ಜ್ವರದಲ್ಲಿ ಬಿದ್ದಿದ್ದು ಎದ್ದಳು. ಎದ್ದ ಮೇಲೆ ಉಪ್ಪು, ಹುಳಿ, ಖಾರ ಒಂದೂ ತಿಳಿಯದು.

"ಏನ್ ತಿಂದ್ರೂ ಮಣ್ಣು ತಿಂದಂಗೈತೆ ಕಣ್ಣು. ಯಾರ್ಗೂ ಹೇಳ್ಬೇಡ," ಎಂದು ನನ್ನ ಕೈ ಹಿಡಿದುಕೊಂಡಳು. ಮಕ್ಕಳನ್ನು ನಮ್ಮಲ್ಲಿ ಮುದ್ದಿಗೆ ಕಣ್ಣು ಅನ್ನುವುದು. "ನಿಮ್ಮತ್ತೆಗೆ ತಿಳಿದ್ರೆ ನನ್ನ ಒಲೆ ಮುಂದಿಂದ ಎಬ್ಬಿಸ್ಬಿಡ್ತಾಳೆ."

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದಳು. ಕೆಟ್ಟವಳಲ್ಲ, ಆದರೆ ಅಬ್ಬಬ್ಬಾ, ಆ ಬಾಯಿ! ಮನೆಯಲ್ಲಿ ಅವಳ ಮಾತೇ ನಡೆಯುತ್ತಿತ್ತು. ಅವ್ವನಿಗೆ ತನ್ನದು ಅಂತ ಇದ್ದದ್ದು ಆ ಒಲೆಯೊಂದೇ.

ಹಾಗಾಗಿ ರುಚಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಊಟವೆಂದರೆ ಕಂಬಿನನ್ನ, ಹುರುಳಿ. ಸಜ್ಜೆಗೆ ನಾವು ಕಂಬು ಅನ್ನುವುದು. ನೀರು ಚಿಮುಕಿಸಿ ಒರಳಲ್ಲಿ ಕುಟ್ಟಿ, ಹೊಟ್ಟು ಕೇರಿ, ನುಚ್ಚನ್ನು ಮೊದಲು ಬೇಯಿಸಿ ಆಮೇಲೆ ಹಿಟ್ಟು ಸುರಿದು ತಿರುವಬೇಕು. ಬೆಂದ ಹುರುಳಿಗೆ ಜೀರಿಗೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಮಣ್ಣಿನ ಚಟ್ಟಿಯಲ್ಲೇ ಮಸೆಯಬೇಕು. ಇಷ್ಟನ್ನೂ ಅವ್ವ ಕಣ್ಣು ಮುಚ್ಚಿಕೊಂಡು ಮಾಡುವಳು. ಉಪ್ಪಿನ ಹೊತ್ತಿಗೆ ಮಾತ್ರ ಕೈ ತಡೆಯುತ್ತಿತ್ತು. ಸೌಟಿನಿಂದ ಒಂದು ತೊಟ್ಟು ನನ್ನ ಅಂಗೈಗೆ ಬಿಡುವಳು. ಉಪ್ಪು ಸಾಲದಿದ್ದರೆ ನಾನು ಅವಳ ಸೆರಗು ಎಳೆಯುತ್ತಿದ್ದೆ.

ಪಾವಿನ ದಿನ ಕಷ್ಟವಾಗುತ್ತಿತ್ತು. ಪಾವು ಎಂದರೆ ಮಗ್ಗಕ್ಕೇರಿಸುವ ಹಾಸುನೂಲು. ಬೆಳಗಾಗುತ್ತಲೇ ಅದನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಅಕ್ಕಿಗಂಜಿ ಸವರಿ, ಕುಂಚದಲ್ಲಿ ತಿಕ್ಕಿ ಒಣಗಿಸಬೇಕು. ಅವತ್ತು ಒಲೆಯ ಮೇಲೆ ಎರಡು ಮಡಕೆ. ಒಂದು ನೂಲಿಗೆ, ಅದಕ್ಕೆ ಉಪ್ಪು ಸೋಕಬಾರದು, ಸೋಕಿದರೆ ನೂಲು ತೇವ ಎಳೆದುಕೊಂಡು ಒಣಗುವುದೇ ಇಲ್ಲ. ಇನ್ನೊಂದು ಉಪ್ಪು ಹಾಕಿದ್ದು, ಕೈಜೋಡಿಸಲು ಬಂದ ಬೀದಿಯವರಿಗೆ. ನೋಡಿದರೆ ಎರಡೂ ಒಂದೇ ಗಂಜಿ. ನಾಲಿಗೆಗೆ ಮುಟ್ಟಿಸಿಯೇ ಹೊರಗೆ ಕಳಿಸಬೇಕು.

ಅವತ್ತು ನನಗೆ ಬೀದಿಗೆ ಹೋಗುವ ಹಟ. ಓರಗೆಯ ಹುಡುಗಿಯರೆಲ್ಲ ಪಾವಿನ ಪಕ್ಕದಲ್ಲಿ ಕುಣಿಯುತ್ತಿದ್ದರೆ ನಾನೊಬ್ಬಳೇ ಹೊಗೆಯಲ್ಲಿ ಕೂರಬೇಕೆ? "ಒಂದ್ ಗಳಿಗೆ ಇರು ಕಣ್ಣು," ಎಂದಳು ಅವ್ವ.

"ನಾನೇನ್ ನಿನ್ ನಾಲಿಗೆಯಾ? ನೀನೇ ನೋಡ್ಕೋ, ಹೋಗು!" ಎಂದು ಓಡಿಬಿಟ್ಟೆ. ಇಷ್ಟು ವರ್ಷವಾದರೂ ಆ ಮಾತು ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಬಿಸಿಲೇರಿತು. ಗಂಜಿ ಕುಡಿಯಲು ಕೂತ ಬೀದಿಯವರೊಬ್ಬರು, "ಏನಿದು, ಸಪ್ಪೆ!" ಎಂದು ನಕ್ಕರು. ಅಪ್ಪ ನಗಲಿಲ್ಲ. ನೂಲು ಇನ್ನೂ ಕೈಗೆ ಅಂಟುತ್ತಿತ್ತು. ಒಂದು ಎಳೆಯನ್ನು ನಾಲಿಗೆಗೆ ಮುಟ್ಟಿಸಿ ನೋಡಿದರು. ಉಪ್ಪುಪ್ಪು.

"ಯಾರ್ ಮಾಡಿದ್ ಕೆಲ್ಸ ಇದು?" ಎಂದು ಅತ್ತೆ ಒಳಗೆ ನುಗ್ಗಿದಳು. ಅವ್ವ ಒಲೆಗೆ ಬೆನ್ನು ಕೊಟ್ಟು ನಿಂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ.

ನಾನು ಓಡಿಬಂದು, "ನಾನೇ ಮಡಕೆ ಅದಲುಬದಲು ಮಾಡ್ಬಿಟ್ಟೆ," ಎಂದೆ. ಹಿಂದೆಯೇ ಬಂದಿದ್ದ ಅಪ್ಪ ಹೊಡೆಯುತ್ತಾರೆಂದು ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಅವರು ನೋಡುತ್ತಿದ್ದದ್ದು ಅವ್ವನನ್ನು. "ನೂಲು ಒಗೆದು ಇನ್ನೊಂದ್ ದಿನ ಪಾವು ಹಾಕಿದ್ರಾಯ್ತು," ಎಂದು ಹೊರಗೆ ಹೋದರು.

ಅಂದು ಸಂಜೆ ಅತ್ತೆ ನನ್ನನ್ನು ಜಗಲಿಯಿಂದ ಏಳಗೊಡಲಿಲ್ಲ. ಅವ್ವ ಒಬ್ಬಳೇ ಕಂಬಿನನ್ನ ತಿರುವಿ, ಒಬ್ಬಳೇ ಹುರುಳಿ ಮಸೆದಳು. ಊಟಕ್ಕೆ ಕೂತಾಗ ಒಂದು ತುತ್ತು ಬಾಯಿಗಿಟ್ಟೆ. ಅಯ್ಯೋ ದೇವರೇ, ಉಪ್ಪೋ ಉಪ್ಪು! ಎರಡು ಸಲ ಬಿದ್ದಿತ್ತು. ಅತ್ತೆಯ ಮುಖ ಕಿವುಚಿತು, ಬಾಯಿ ತೆರೆಯಿತು.

"ಅಕ್ಕ, ಸುಮ್ನೆ ಉಣ್ಣು," ಎಂದರು ಅಪ್ಪ. ತಟ್ಟೆಯನ್ನು ಅವ್ವನ ಕಡೆ ಸರಿಸಿ, "ಹುರುಳಿ ಇನ್ನೊಂದ್ ಸೌಟು ಹಾಕು. ಚೆನ್ನಾಗೈತೆ," ಎಂದರು. ಅದನ್ನೂ ಬಳಿದು ಉಂಡು ಎರಡು ಚೊಂಬು ನೀರು ಕುಡಿದರು. ಅವ್ವನಿಗೆ ಏನೂ ತಿಳಿಯಲಿಲ್ಲ. ಬಹಳ ದಿನಗಳ ಮೇಲೆ ಅವಳ ಮುಖ ಸ್ವಲ್ಪ ಅರಳಿತು.

ಮೂರು ದಿನದ ಮೇಲೆ ಮತ್ತೆ ಪಾವು. ಬೆಳಗ್ಗೆ ಅವ್ವ ಎರಡು ಮಡಕೆ ತೊಳೆದು ತರುವ ಹೊತ್ತಿಗೆ ಅಪ್ಪ ಒಲೆಯ ಮುಂದೆ ಕೂತಿದ್ದರು. ಅಡಿಗೆಮನೆಗೆ ಕಾಲಿಡದ ಗಂಡಸು! ಒಂದು ಮಡಕೆ ಇಸಿದುಕೊಂಡು ಅದರ ಕೊರಳಿಗೆ ಕೆಂಪು ನೂಲು ಮೂರು ಸುತ್ತು ಸುತ್ತಿ ಗಂಟು ಹಾಕಿದರು.

"ಏನೋ ಅದು?" ಎಂದಳು ಅತ್ತೆ.

"ನೂಲಿನ ಮಡಕೆ. ಮಕ್ಳು ಅದಲುಬದಲು ಮಾಡ್ಬಿಡ್ತಾರೆ," ಎಂದರು ಅಪ್ಪ, ಯಾರ ಮುಖವನ್ನೂ ನೋಡದೆ. ನನಗೆ ಮಾತ್ರ, "ಹೋಗು ಕಣ್ಣು, ಬೀದೀಲಿ ಆಡು," ಎಂದರು.

ಅವ್ವ ಆ ಗಂಟಿನ ಮೇಲೆ ಬೆರಳಿಟ್ಟುಕೊಂಡು ನಿಂತಳು. ಎಲ್ಲ ತಿಳಿಯಿತು ಅವಳಿಗೆ. ಕಣ್ಣೊರೆಸಿಕೊಂಡು ಕೂತು ಒಲೆ ಹೊತ್ತಿಸಿದಳು. ನಾನು ಬೀದಿಗೆ ಹೋಗಲಿಲ್ಲ. ಅವಳ ಪಕ್ಕದಲ್ಲಿ ಕೂತು ಅಂಗೈ ಚಾಚಿದೆ.