ಇಸ್ಮತ್ ಕಚ್ಚಿಟ್ಟ ರೊಟ್ಟಿ

ಶರೋಫತ್ ಆಪಾ ನಮ್ಮ ಪಂಜಕೆಂತದ ಓಣಿಯಲ್ಲಿ ರೊಟ್ಟಿ ಸುಡುವವಳು. ಅವಳ ಮನೆಯ ಗೋಡೆಯ ಮೊಳೆಯಲ್ಲಿ ಬಿಳಿ ಬಟ್ಟೆ ಸುತ್ತಿದ ಒಂದು ರೊಟ್ಟಿ ತೂಗುತ್ತಿತ್ತು. ಅವಳ ತಮ್ಮ ಇಸ್ಮತ್ ಗಡಿಯಾಚೆ ಸಮರಕಂದಿಗೆ ದುಡಿಯಲು ಹೊರಟ ದಿನ ಅದರ ಅಂಚನ್ನು ಒಂದು ತುತ್ತು ಕಚ್ಚಿ ಬಿಟ್ಟುಹೋಗಿದ್ದ. ಉಳಿದದ್ದನ್ನು ಅವನೇ ಮರಳಿ ಬಂದು ತಿನ್ನಬೇಕು. ಅಲ್ಲಿಯವರೆಗೆ ದೇವರು ಅವನ ಅನ್ನವನ್ನು ಈ ಮನೆಯಲ್ಲೇ ಇಟ್ಟಿರುತ್ತಾನೆ ಎಂಬುದು ನಮ್ಮ ಕಡೆಯ ನಂಬಿಕೆ.

ಮರುವರ್ಷವೇ ಗಡಿ ಮುಚ್ಚಿತು. ಒಂದೂವರೆ ತಾಸಿನ ದಾರಿ, ಬೆಟ್ಟ ಸುತ್ತಿ ಎರಡು ದಿನದ್ದಾಯಿತು. ಫೋನಿನಲ್ಲಿ ಇಸ್ಮತನದು ಒಂದೇ ಮಾತು: "ಗೇಟ್ ಮುಚ್ಚಿದೆ ಆಪಾ, ಏನ್ ಮಾಡ್ಲಿ?" ತಾಯಿ ತೀರಿಕೊಂಡಾಗಲೂ ಅದನ್ನೇ ಹೇಳಿ ಅತ್ತ. ಮಗನ ಹೆಗಲಿಲ್ಲದೆ ತಾಯಿ ಮಣ್ಣಿಗೆ ಹೋದಳು. ಆಪಾ ಗೇಟನ್ನು ಶಪಿಸಿದಳು, ತಮ್ಮನನ್ನಲ್ಲ.

ಎಂಟು ವರ್ಷದ ಮೇಲೆ, ನವ್ರೂಜ್ ಹಬ್ಬದ ಮುಂಚೆ ಗಡಿ ತೆರೆಯಿತು. ಕಂಡಕಂಡವರನ್ನು ತಬ್ಬಿಕೊಂಡು ಅತ್ತೆವು. ಇಸ್ಮತ್ ಬರಲಿಲ್ಲ, ಕೆಲಸವಂತೆ. ಹಬ್ಬ ಕಳೆದ ಮೇಲೆ ಆಪಾ ರೊಟ್ಟಿ ಎತ್ತಿಕೊಂಡು ತಾನೇ ಹೊರಟಳು. ಅದು ಮನೆ ಬಿಟ್ಟು ಹೋಗಬಾರದು ಎಂದೆ. ಕೇಳಲಿಲ್ಲ. ನಾನೂ ಜೊತೆಗೆ ಹೋದೆ.

"ಅದನ್ನ ಕಚ್ಚಿದ್ರೆ ನಿನ್ನ ತಮ್ಮನ ಹಲ್ಲು ಉಳಿಯಲ್ಲ," ಎಂದು ಟ್ಯಾಕ್ಸಿಯವನು ನಕ್ಕ.

"ನಿನ್ ನಾಲಿಗೆಗಿಂತ ಮೆತ್ತಗಿದೆ ಬಿಡು. ಚಹಾದಲ್ಲಿ ಅದ್ದಿ ತಿನ್ನಿಸ್ತೀನಿ."

ಇಸ್ಮತನ ಹೆಂಡತಿ ನಿಗೋರಾಳನ್ನು ನೋಡಿದ್ದು ಅದೇ ಮೊದಲು. ಒಳ್ಳೆಯ ಹೆಣ್ಣು. ಚಹಾ ಬಗ್ಗಿಸಿ, ಒಣ ಏಪ್ರಿಕಾಟಿನ ತಟ್ಟೆ ಮುಂದಿಟ್ಟಳು.

"ತಿನ್ನಿ ಆಪಾ, ನಿಮ್ಮೂರಿಂದೇ. ಪ್ರತಿ ವರ್ಷ ಇವ್ರೇ ಸುತ್ತುದಾರೀಲಿ ಹೋಗಿ, ನಿಮ್ಮೂರಾಚೆ ಮಂಡಿಯಿಂದ ಲಾರಿ ತುಂಬಿಸ್ಕೊಂಡ್ ಬರ್ತಾರೆ. ಅತ್ತೆ ಹೋದಾಗ್ಲೂ ಅಲ್ಲೇ ಇದ್ರಲ್ಲ. ಮಣ್ಣು ಹಾಕೋಕೆ ಇವ್ರು ಬಂದಿದ್ರಂತಲ್ಲ, ಅದೇ ಪುಣ್ಯ."

ಇಸ್ಮತ್ ಬಟ್ಟಲು ನೋಡುತ್ತ ಕುಳಿತ.

"ಯಾಕೋ?" ಎಂದಳು ಆಪಾ.

"ಒಂದ್ಸಲ ಮನೆಗೆ ಬಂದಿದ್ರೆ ಅಮ್ಮನ ಕಾಯಿಲೆ, ಮನೆ ರಿಪೇರಿ, ಎಲ್ಲ ನನ್ ತಲೆಗೇ ಬರ್ತಿತ್ತು. ಗೇಟ್ ಮುಚ್ಚಿದೆ ಅಂದ್ರೆ ಯಾರೂ ಕೇಳ್ತಿರ್ಲಿಲ್ಲ."

ಬಟ್ಟೆ ಬಿಚ್ಚಿ ಇಟ್ಟಿದ್ದ ರೊಟ್ಟಿಗೆ ಅವನು ಕೈ ಚಾಚಿದ. ಆಪಾ ಅದರ ಮೇಲೆ ಬಟ್ಟೆ ಎಳೆದಳು.

"ಇದು ಮನೆಗೆ ಬಂದೋನು ತಿನ್ನೋದು."

ಅನ್ನವನ್ನು ಎಸೆಯುವಂತಿಲ್ಲ. ಅಂದೇ ಊರಿಗೆ ಮರಳಿದೆವು. ಮರುದಿನ ಬೆಳಗಿನ ನಮಾಜು ಮುಗಿಸಿ ಆಪಾ ರೊಟ್ಟಿಯನ್ನು ನೀರಿನಲ್ಲಿ ನೆನೆಹಾಕಿದಳು. ಹಲ್ಲಿನ ಗುರುತಿದ್ದ ಅಂಚು ಮಧ್ಯಾಹ್ನವಾದರೂ ಮೆತ್ತಗಾಗಲಿಲ್ಲ. ಅದನ್ನೂ ಕಲ್ಲಿನಲ್ಲಿ ಕುಟ್ಟಿ ಗುಬ್ಬಿಗಳಿಗೆ ಹಾಕಿದಳು.