ಸೆರಗು ಕೂಡಿಸಿದ ದಿನ

ಆಗೆಲ್ಲ ಇಳಕಲ್ಲಿನ ನಮ್ಮ ಓಣಿಗೆ ಬೆಳಗು ಮೊದಲು ಕಿವಿಯ ಮೂಲಕ ಬರುತ್ತಿತ್ತು. ಒಂದು ಮನೆಯ ಮಗ್ಗ ಶುರುವಾದರೆ ಪಕ್ಕದ ಮನೆಯದು ದನಿಗೂಡಿಸುತ್ತಿತ್ತು. ಆ ಸದ್ದಿನಲ್ಲಿ ನಿದ್ದೆ ಎಲ್ಲಿ ಮುಗಿಯಿತು, ಎಚ್ಚರ ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಲೇ ಇರಲಿಲ್ಲ. ಗಂಜಿ ಕುಡಿದ ನೂಲಿನ ಹುಳಿವಾಸನೆ, ಒಲೆಯ ಮೇಲೆ ಸಜ್ಜಿ ರೊಟ್ಟಿ. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಹಿಂದೆ ಆಯ್ದು ತಂದ ಕೆಂಪು ಗ್ರಾನೈಟ್ ಚೂರುಗಳಲ್ಲಿ ನಾವು ಮಕ್ಕಳು ಹರಳಿನಾಟ ಆಡುತ್ತಿದ್ದೆವು.

ಆ ಚಳಿಗಾಲ ನಮ್ಮ ಮನೆಯಲ್ಲಿ ಅವ್ವ, ಅಪ್ಪ ಮಾತು ಬಿಟ್ಟಿದ್ದರು. ಗುಳೇದಗುಡ್ಡದಲ್ಲಿದ್ದ ಅವ್ವನ ತಂಗಿ ಶಾಂತಾ ಚಿಗವ್ವನ ಮದುವೆ ಹತ್ತಿರ ಬಂದಿತ್ತು. ತಂಗಿಗೆಂದು ಅವ್ವ ಬಣ್ಣ ಆರಿಸಿ, ನೂಲು ಸುತ್ತಿ ಇಟ್ಟಿದ್ದ ಸೀರೆಯನ್ನು ಅಪ್ಪ ಅವಳನ್ನು ಕೇಳದೆಯೇ ಒಬ್ಬ ಅಂಗಡಿಯವನಿಗೆ ಕೊಡಲು ಒಪ್ಪಿ ಬಂದಿದ್ದ.

"ಸೀರಿ ಹೋದ್ರ ಹೋಗ್ಲಿ. ನನ್ನ ಒಂದ ಮಾತು ಕೇಳಬೇಕಿತ್ತಿಲ್ಲ?" ಅಂದಳು ಅವ್ವ. ಅಪ್ಪ ಎದ್ದು ಹೋಗಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ. ಅಲ್ಲಿಂದ ಮುಂದಿನ ಮಾತೆಲ್ಲ ನನ್ನ ಮೂಲಕವೇ.

"ನೀಲವ್ವ, ನಿಮ್ಮಪ್ಪಗ ಹೇಳು, ರೊಟ್ಟಿ ಆಗ್ಯಾವ."

"ನಿಮ್ಮವ್ವಗ ಹೇಳು, ಹಸಿವಿಲ್ಲ."

ಇಬ್ಬರ ನಡುವೆ ಇದ್ದುದು ನಾಲ್ಕು ಮಾರು ದೂರ. ಅಪ್ಪನ ಅವ್ವ, ನಮ್ಮ ಆಯಿ, ಎಲೆಅಡಿಕೆ ಕುಟ್ಟುತ್ತ, "ಇವರಕಿಂತ ಮಗ್ಗನ ಚಲೋ, ಬಡದ್ರ ಒದರತೈತಿ" ಅನ್ನುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಅವ್ವ ಟ್ರಂಕು ತುಂಬುವುದನ್ನು ನೋಡಿದ್ದೆ. ಅದರಲ್ಲಿ ಮದುವೆಗೆ ಬೇಡದ ಹಳೆ ಸೀರೆಗಳೂ ಇದ್ದವು. "ವಾಪಸ್ ಯಾವಾಗ ಬರ್ತೀ ಅವ್ವ?" ಎಂದರೆ, "ನೋಡೂಣು" ಅಂದಿದ್ದಳು.

ಇಳಕಲ್ ಸೀರೆಯ ಒಡಲಿಗೆ ಹಾಸುವ ಉದ್ದ ಎಳೆಗಳೇ ಬೇರೆ, ಸೆರಗಿನ ಹಾಸೇ ಬೇರೆ. ಒಡಲಿನ ಎಳೆಯ ಕುಣಿಕೆಗೆ ಸೆರಗಿನ ಕೆಂಪು ರೇಷ್ಮೆಯ ಕುಣಿಕೆ ಸಿಕ್ಕಿಸಿ, ಒಂದೊಂದೇ ಎಳೆ ಕೂಡಿಸಬೇಕು. ಇಬ್ಬರು ಎದುರುಬದುರು ಕೂತು ಮಾಡುವ ಕೆಲಸ. ಒಬ್ಬರು ಎಳೆ ಕೊಡಬೇಕು, ಇನ್ನೊಬ್ಬರು ಕೊಂಡಿ ಹಾಕಬೇಕು. ಇಬ್ಬರ ಕೈಯ ಬಿಗಿಯೂ ಒಂದೇ ಇರಬೇಕು. ನಮ್ಮ ಮನೆಯಲ್ಲಿ ಅದು ಅವ್ವ ಅಪ್ಪ ಸೇರಿ ಮಾಡುವ ಕೆಲಸ. ಅಂಗಡಿಯವನಿಗೆ ಒಪ್ಪಿದ್ದ ಆ ಸೀರೆಗೆ ಸೆರಗು ಕೂಡಿಸುವ ದಿನ ಅಪ್ಪ ಅವ್ವನನ್ನು ಕರೆಯದೆ ನನ್ನನ್ನು ಎದುರಿಗೆ ಕೂರಿಸಿಕೊಂಡ.

ನನ್ನ ಬೆರಳು ಬೆವರಿದವು. ಹಾಸು ಬಿಗಿದಾಗ ನಾನು ಕೊಟ್ಟ ಎಳೆಗಳು ಜೋತುಬಿದ್ದವು. ಅಪ್ಪ ಬಿಚ್ಚಿದ, ಮತ್ತೆ ಹಾಕಿದ. ಮತ್ತೆ ಜೋತುಬಿದ್ದವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪಕ್ಕದ ಮನೆಯ ಮಾಬೂಬಿ ಅತ್ತಿಯೂ ನೇಕಾರಳೇ. "ಅತ್ತಾಗ ಸರಿ ನೀಲಾ, ನಾ ಕುಂದರ್ತೇನಿ" ಎಂದು ಒಳಗೆ ಬಂದಳು.

ಆಯಿ ಕುಟ್ಟುವುದನ್ನು ನಿಲ್ಲಿಸಿದಳು. "ನೀ ಕುಂದರಬ್ಯಾಡ ಮಾಬೂಬಿ. ಕುಂದ್ರಾಕಿ ಒಳಗ ರೊಟ್ಟಿ ಬಡ್ಯಾಕತ್ಯಾಳ."

"ಹಂಗಾದ್ರ ಇವತ್ತ ಸೆರಗು ಕೂಡಂಗಿಲ್ಲ ಬಿಡಬೇ."

"ಕೂಡ್ಲಿಲ್ಲಂದ್ರ ಹಂಗ ಬಿದ್ದಿರ್ಲಿ. ಓಣಿ ಮಂದಿ ಬಂದು ಎಷ್ಟ ಸಲ ಕೂಡಸ್ತೀರಿ?"

ಮಾಬೂಬಿ ಅತ್ತಿ ನಗುತ್ತ ಹೊರಟುಹೋದಳು. ಅಪ್ಪ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

ನನಗೆ ನೆನಪಿರುವುದು ಹೀಗೆ: ಬೆಳಕಿಂಡಿಯಿಂದ ಇಳಿದ ಬಿಸಿಲು ರೇಷ್ಮೆಯ ಮೇಲೆ ಬಿದ್ದು ಇಡೀ ಕೋಣೆ ಕೆಂಪಾಗಿತ್ತು. ಆ ಕೆಂಪಿನೊಳಗೆ ಅವ್ವ ತೇಲಿದಂತೆ ನಡೆದು ಬಂದಳು. ಕೈ ತೊಳೆದಿದ್ದರೂ ಮೊಣಕೈಯಲ್ಲಿ ಇನ್ನೂ ಹಿಟ್ಟಿತ್ತು. ಅಷ್ಟೊಂದು ಕೆಂಪು ನಿಜವಾಗಿ ಇದ್ದಿರಲಾರದು. ನಮ್ಮ ಬೆಳಕಿಂಡಿ ಇದ್ದುದೇ ಅಂಗೈ ಅಗಲ.

"ಏಳವ್ವ" ಎಂದು ನನ್ನನ್ನು ಎಬ್ಬಿಸಿ ಆ ಜಾಗದಲ್ಲಿ ಕೂತಳು. ಮೊದಲ ಎಳೆ ಕೊಡುತ್ತ ಅಪ್ಪನಿಗೇ ಹೇಳಿದಳು, "ಅಷ್ಟ್ಯಾಕ ಜಗ್ಗತೀರಿ, ಹರದೀತು."

"ನೀ ಹಿಡದ್ರ ನಾ ಯಾಕ ಜಗ್ಗಲಿ."

ಹತ್ತಿಪ್ಪತ್ತು ಎಳೆ ಕೂಡಿದ ಮೇಲೆ ಅಪ್ಪ ಎಳೆಗಳಿಂದ ಕಣ್ಣು ತೆಗೆಯದೆ, "ಇದು ಶಾಂತಾಗ ಇರ್ಲಿ. ಅಂಗಡಿಯವಂಗ ನಾ ಹೇಳ್ತೇನಿ. ನಿನ್ನ ಕೇಳಬೇಕಾಗಿತ್ತು" ಅಂದ.

ಅವ್ವ ಇನ್ನೊಂದು ಎಳೆ ಕೊಟ್ಟಳು. "ನೀಲವ್ವ, ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಾಕತ್ತೇತಿ, ತಗಿ."

ಆ ಸುಟ್ಟ ರೊಟ್ಟಿಯನ್ನು ನಾನು, ಆಯಿ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆವು. ಮದುವೆಗೆ ಹೊರಟಾಗ ಟ್ರಂಕಿನಲ್ಲಿ ಹಳೆ ಸೀರೆಗಳಿರಲಿಲ್ಲ.

ಈಗ ನಾನು ಬಾಗಲಕೋಟೆಯಲ್ಲಿ ಮದುವೆ ಗೊತ್ತಾದ ಹುಡುಗ ಹುಡುಗಿಯರಿಗೆ ಸಂಸಾರದ ತಿಳಿವಳಿಕೆ ಕೊಡುವ ಶಿಬಿರ ನಡೆಸುತ್ತೇನೆ. ಓದಿದ್ದೂ ಅದನ್ನೇ. ಮೊನ್ನೆ ಒಬ್ಬಳು ಕೇಳಿದಳು, "ಮೇಡಂ, ಮಾತು ಬಿಟ್ರ ಮೊದಲ ಯಾರು ಮಾತಾಡಬೇಕ್ರಿ?" ಊರಿಗೆ ಹೋದಾಗ, ಸೆರಗು ಕೂಡಿಸಿದ ದಿನ ಯಾಕೆ ಎದ್ದು ಬಂದೆ ಎಂದು ಅವ್ವನನ್ನು ಕೇಳಿದೆ. "ಅವರ ಕರದ್ರಲ್ಲ, ಅದಕ್ಕ ಹೋದೆ" ಅಂದಳು. ಅಪ್ಪ, "ನಾ ಎಲ್ಲಿ ಕರದೆ? ಆಕೀನ ಬಂದ್ಲು" ಅಂದ. ನಾನು ಅಲ್ಲೇ ಇದ್ದೆ, ಯಾರೂ ಕರೆದದ್ದು ಕೇಳಿಸಿದ ನೆನಪಿಲ್ಲ. ಆದರೆ ಕೋಣೆಯನ್ನು ಅಷ್ಟು ಕೆಂಪಾಗಿ ಕಂಡವಳ ನೆನಪನ್ನು ಎಷ್ಟು ನಂಬುವುದು?

ಆ ಮಗ್ಗದ ಕುಣಿ ಮುಚ್ಚಿ ಗ್ರಾನೈಟ್ ಹಾಸಿದ್ದಾರೆ. ಬಾಗಲಕೋಟೆಯ ನನ್ನ ಮನೆಯಲ್ಲಿ ಅಡುಗೆ, ಬಟ್ಟೆ, ಮಗುವಿನ ಶಾಲೆ, ಎಲ್ಲವನ್ನೂ ನಾನೊಬ್ಬಳೇ ಮಾಡಬಲ್ಲೆ. ನನ್ನ ಗಂಡನೂ ಒಬ್ಬನೇ ಮಾಡಬಲ್ಲ. ಶಿಬಿರದಲ್ಲಿ ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ಮುನಿಸು ಬಂದಾಗ ಅವನು ಒಂದು ಕೋಣೆಯಲ್ಲಿ, ನಾನು ಇನ್ನೊಂದರಲ್ಲಿ. ಮನೆಗೆಲಸ ಎಲ್ಲ ಸರಾಗವಾಗಿ ನಡೆದುಹೋಗುತ್ತದೆ. ಒಂದು ಎಳೆಯೂ ಜೋತುಬೀಳುವುದಿಲ್ಲ. ಯಾರೂ ಎದ್ದು ಬರುವುದಿಲ್ಲ.