ಏಳು ನಿಮಿಷದ ಅಣ್ಣ-ತಮ್ಮ

ಅಣ್ಣಯ್ಯನೂ ನಾನೂ ಹನ್ನೊಂದು ವರ್ಷ ಮಾತು ಬಿಟ್ಟಿದ್ದೆವು. ಪೂರ್ತಿ ಬಿಟ್ಟಿದ್ದೆವು ಎಂದರೆ ಸುಳ್ಳಾಗುತ್ತದೆ. ಬೆಕ್ಕಿನ ಮೂಲಕ ಆಡುತ್ತಿದ್ದೆವು. ತಲ್ಲೂರಿನ ಮನೆ ಪಾಲಾದಾಗ ಜಗಲಿಯ ನಟ್ಟನಡುವೆ ಎದೆಮಟ್ಟದ ಒಂದು ಗೋಡೆ ಎದ್ದಿತ್ತು. ಅದರ ಮೇಲೆ ಒಂದು ಬೂದು ಬೆಕ್ಕು ಮಲಗುತ್ತಿತ್ತು. ಎರಡೂ ಮನೆಯಲ್ಲಿ ಉಣ್ಣುವ ಪ್ರಾಣಿಯಾದ್ದರಿಂದ ಅದು ನಿಷ್ಪಕ್ಷಪಾತಿ ಎಂದು ಉಭಯ ಪಕ್ಷಗಳೂ ಒಪ್ಪಿಕೊಂಡಿದ್ದವು. ಪಂಪಿನ ಸ್ವಿಚ್ಚು ಆರಿಸಿಲ್ಲ ಎಂದು ನಾನು ಬೆಕ್ಕಿಗೆ ಹೇಳುತ್ತಿದ್ದೆ. ಟಾಂಕಿ ತುಂಬಿದ ಮೇಲೆ ಆರಿಸುತ್ತೇನೆಂದು ಅಣ್ಣಯ್ಯ ಆಚೆಯಿಂದ ಅದೇ ಬೆಕ್ಕಿಗೆ ಹೇಳುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿಕೊಂಡೇ ಎರಡೂ ಹೇಳಿಕೆಗಳನ್ನು ದಾಖಲಿಸಿಕೊಳ್ಳುತ್ತಿತ್ತು. ನನ್ನ ಹೆಂಡತಿ ಮತ್ತು ಅತ್ತಿಗೆ ಹಿತ್ತಿಲಲ್ಲಿ ಎಂದಿನಂತೆ ಮಾತಾಡಿಕೊಂಡು, ಸಾಂಬಾರು ಬದಲಾಯಿಸಿಕೊಂಡು ಇದ್ದರು. ಮೌನವೇನಿದ್ದರೂ ಗಂಡಸರ ಇಲಾಖೆಯದ್ದು.

ಜಗಳದ ಮೂಲ ಒಂದು ತೆಂಗಿನಮರ. ಬುಡ ಅಣ್ಣಯ್ಯನ ಪಾಲಿನಲ್ಲಿತ್ತು, ತಲೆ ನನ್ನ ಮಾಡಿನ ಮೇಲಿತ್ತು. ಕಾಯಿ ಬಿದ್ದಾಗಲೆಲ್ಲ ನನ್ನ ಹಂಚು ಒಡೆಯುತ್ತಿತ್ತು. ಮರ ಕಡಿಸು ಎಂದು ನಾನು ಕೇಳಿದೆ. ಅಪ್ಪಯ್ಯ ನೆಟ್ಟದ್ದು, ಕಡಿಸುವುದಿಲ್ಲ ಎಂದು ಅವನು ಹೇಳಿದ. ಇಷ್ಟೇ. ಇಷ್ಟಕ್ಕೆ ಹನ್ನೊಂದು ವರ್ಷವೇ ಎಂದು ಕೇಳುವವರು ಇನ್ನೂ ಅಣ್ಣ-ತಮ್ಮಂದಿರನ್ನು ಕಂಡಿಲ್ಲ.

ಕಳೆದ ಚಳಿ ಮುಗಿಯುವ ಹೊತ್ತಿಗೆ ಅಣ್ಣಯ್ಯ ತೀರಿಹೋದ. ಬ್ರಹ್ಮಾವರದ ತನ್ನ ಅಂಗಡಿಯಿಂದ ಬಂದು, ಚಪ್ಪಲಿ ಬಿಚ್ಚಿ, ಜಗಲಿಯಲ್ಲಿ ಕುಳಿತವನು ಮತ್ತೆ ಏಳಲಿಲ್ಲ. ಗೋಡೆ ದಾಟಿ ಹೋಗಿ ಮಾಡಬೇಕಾದ ಕೆಲಸಗಳನ್ನೆಲ್ಲ ನಾನು ಮಾಡಿದೆ. ಫೋನು ಮಾಡಿದೆ, ಕುರ್ಚಿ ತರಿಸಿದೆ, ಬಂದವರಿಗೆ ನೀರು ಕೊಡಿಸಿದೆ. ಏನೂ ಅನ್ನಿಸಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ಅರ್ಧ ಮುಖ ನಮ್ಮದಲ್ಲದ ಹಾಗೆ ಇರುತ್ತದಲ್ಲ, ಅಷ್ಟೇ. ಅದು ಸಂಜೆಯ ಒಳಗೆ ಬಿಡುತ್ತದೆ, ಇದು ಬಿಟ್ಟಿಲ್ಲ. ಮರ ಹತ್ತುವವರು ಸಿಗುವುದಿಲ್ಲವೆಂದು ಅತ್ತಿಗೆ ಆ ತೆಂಗಿನಮರವನ್ನು ಕಡಿಸಿಯೂ ಹಾಕಿದರು. ಹೀಗೆ ನನ್ನ ಬೇಡಿಕೆ ಸಂಪೂರ್ಣವಾಗಿ ಈಡೇರಿತು.

ಮಳೆಗಾಲ ಅರ್ಧವಾಗಿದ್ದಾಗ ಅಣ್ಣಯ್ಯನ ಮಗಳು ಲ್ಯಾಪ್‌ಟಾಪ್ ಎತ್ತಿಕೊಂಡು ನಮ್ಮ ಜಗಲಿಗೆ ಬಂದಳು. ಅವಳು ಕಾಲೇಜಿನಲ್ಲಿ ಆನಿಮೇಶನ್ ಕಲಿಯುತ್ತಿದ್ದಾಳೆ. ಕೊನೆಯ ವರ್ಷದವರೆಲ್ಲ ಒಂದೊಂದು ಚಿತ್ರ ಮಾಡಿ ಒಪ್ಪಿಸಬೇಕಂತೆ. ಏಳು ನಿಮಿಷ, ಕುಟುಂಬ ಸಮೇತ ಕೂತು ನಗುವಂಥದ್ದು. ಐದೂವರೆ ನಿಮಿಷ ಆಗಿದೆ, ಕೊನೆ ಸಿಕ್ಕುತ್ತಿಲ್ಲ, ಚೌತಿಯ ಒಳಗೆ ಕೊಡದಿದ್ದರೆ ವರ್ಷ ಹೋಯಿತು ಎಂದಳು. ಬೈಂದೂರಿನ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ, ಶಾಲಾ ದಿನಾಚರಣೆಗೆ ವರ್ಷಕ್ಕೊಂದರಂತೆ ನಾಟಕ ಬರೆದು ಮಕ್ಕಳ ಮೇಲೆ ಪ್ರಯೋಗಿಸಿದವನು ನಾನು. ಕಥೆಗೆ ಕೊನೆ ಹುಡುಕಲು ನನ್ನ ಹತ್ತಿರ ಬಂದದ್ದು ಸಹಜವೆಂದು ಭಾವಿಸಿ ಕನ್ನಡಕ ಹಾಕಿಕೊಂಡೆ.

ಪರದೆಯ ಮೇಲೆ ಇಬ್ಬರು ಮುದುಕರು, ನಡುವೆ ಒಂದು ಗೋಡೆ, ಗೋಡೆಯ ಮೇಲೊಂದು ಬೆಕ್ಕು. ಒಬ್ಬ ಮುದುಕನ ಮೂಗು ಬೆಕ್ಕಿಗಿಂತ ದೊಡ್ಡದಿತ್ತು. ಅದು ಯಾರ ಮೂಗೆಂದು ವಿವರಿಸುವ ಅಗತ್ಯ ಅವಳಿಗೆ ಕಾಣಲಿಲ್ಲ, ವಿಚಾರಿಸುವ ಅಗತ್ಯ ನನಗೂ ಕಾಣಲಿಲ್ಲ. ತೆಂಗಿನಕಾಯಿ ಬಿತ್ತು, ಹಂಚು ಒಡೆಯಿತು, ಮೂಗಿನ ಮುದುಕ ಬೆಕ್ಕನ್ನು ಬೈದ. ನನ್ನ ಹೆಂಡತಿ ಒಳಗಿನಿಂದ ಬಂದು ನೋಡಿ, ಬಾಯಿಗೆ ಸೆರಗು ಇಟ್ಟುಕೊಂಡು ಮತ್ತೆ ಒಳಗೆ ಹೋದಳು.

ನಾನು ಗಂಭೀರವಾಗಿ ಉಪನ್ಯಾಸ ಶುರು ಮಾಡಿದೆ. ಕಥೆಗೆ ಆದಿ, ಮಧ್ಯ, ಅಂತ್ಯ ಎಂದು ಮೂರು ಭಾಗ. ಅವಳು ಸಾವಧಾನವಾಗಿ ಕೇಳಿ, ತಮಗೆ ಕಾಲೇಜಿನಲ್ಲಿ ಇನ್ನೂ ಸ್ವಲ್ಪ ಹೇಳಿಕೊಟ್ಟಿದ್ದಾರೆ ಎಂದಳು. ಪಾತ್ರಕ್ಕೆ ಏನೋ ಒಂದು ಬೇಕಾಗಿರಬೇಕು. ಅದಕ್ಕೆ ಏನೋ ಅಡ್ಡ ಬರಬೇಕು. ಒಂದೇ ಸಂಗತಿ ಮೂರು ಸಲ ಆಗಬೇಕು: ಮೊದಲ ಸಲ ನೋಡುವವರಿಗೆ ಅದು ಗೊತ್ತಾಗುತ್ತದೆ, ಎರಡನೆಯ ಸಲ ಅಭ್ಯಾಸವಾಗುತ್ತದೆ, ಮೂರನೆಯ ಸಲ ತಪ್ಪಬೇಕು. ನಗು ಬರುವುದು ಅಲ್ಲಿ. ನನ್ನ ನಾಟಕಗಳಲ್ಲಿ ಮೊದಲ ಸಲವೇ ಎಲ್ಲವೂ ತಪ್ಪುತ್ತಿತ್ತು, ಜನ ನಗುತ್ತಿದ್ದರು, ಅದಕ್ಕೊಂದು ಶಾಸ್ತ್ರವಿದೆಯೆಂದು ನನಗೆ ಗೊತ್ತಿರಲಿಲ್ಲ.

"ಚಿಕ್ಕಪ್ಪ, ನಿಮ್ಗೆ ಎಂತ ಬೇಕಿತ್ತ್?" ಎಂದು ಕೇಳಿದಳು.

ಮರ ಹೋಗಬೇಕಿತ್ತು ಎಂದೆ.

"ಮರ ಹೋಯ್ತಲೆ. ಬೇಕಾದ್ದ್ ಸಿಕ್ಕಿಯೂ ಕಥಿ ಮುಗೀಲಿಲ್ಲೆ ಅಂದ್ರೆ, ಬೇಕಾದ್ದ್ ಬೇರೆ ಎಂತದೋ ಇತ್ತ್ ಅಂದೇ ಲೆಕ್ಕ."

ನಾನು ಕನ್ನಡಕ ಒರೆಸಿಕೊಂಡೆ. ಅಣ್ಣಯ್ಯನೂ ಹೀಗೆಯೇ, ಎದುರಾಳಿಯ ವಾದ ಮುಗಿದು ಒಂದು ಗಳಿಗೆ ಬಿಟ್ಟು, ಮೆತ್ತಗೆ ಹೇಳುತ್ತಿದ್ದ.

ಮೂರು ಸಲಕ್ಕೆ ಅವಳು ಆರಿಸಿಕೊಂಡದ್ದು ತೆಂಗಿನಕಾಯಿಯನ್ನಲ್ಲ, ಹೊಸ್ತನ್ನು. ಹೊಸ್ತು ಎಂದರೆ ಹೊಸ ಅಕ್ಕಿಯ ಊಟ. ಗದ್ದೆಯಿಂದ ಭತ್ತದ ಕದಿರು ತಂದು ಮನೆಗೆ ಕಟ್ಟಿ, ಹೊಸ ಅಕ್ಕಿಯ ನಾಲ್ಕು ಕಾಳಾದರೂ ಅನ್ನಕ್ಕೆ ಹಾಕಿ ಉಣ್ಣುವುದು. ಉಣ್ಣುವ ಮೊದಲು ಕಿರಿಯರು ಮನೆಯ ಹಿರಿಯರಿಗೆ "ಹೊಸ್ತ್ ಉಂತೆ", ಅಂದರೆ ಉಣ್ಣುತ್ತೇನೆ, ಎಂದು ಹೇಳಬೇಕು. ಹಿರಿಯರು "ಉಣ್" ಎನ್ನಬೇಕು. ಆಮೇಲೆಯೇ ಬಾಯಿಗೆ ತುತ್ತು. ಮಾತು ಬಿಟ್ಟ ತಮ್ಮನಿಗೆ ಇದೊಂದು ದೊಡ್ಡ ಸಂಕಟ. ಅಣ್ಣನಿಗೆ ಹೇಳದೆ ಉಣ್ಣುವ ಹಾಗಿಲ್ಲ, ಅಣ್ಣನ ಹತ್ತಿರ ಮಾತಾಡುವ ಹಾಗೂ ಇಲ್ಲ. ಆದ್ದರಿಂದ ನಾನು ಪ್ರತಿವರ್ಷ ಗೋಡೆಯ ಹತ್ತಿರ ಹೋಗಿ, ಸ್ವಲ್ಪ ಗಟ್ಟಿಯಾಗಿ, ಬೆಕ್ಕಿಗೆ "ಹೊಸ್ತ್ ಉಂತೆ" ಎನ್ನುತ್ತಿದ್ದೆ. ಆಚೆಯಿಂದ ಅಣ್ಣಯ್ಯ ಬೆಕ್ಕಿಗೆ "ಉಣ್" ಎನ್ನುತ್ತಿದ್ದ. ಬೆಕ್ಕಿಗೆ ಅದು ದಿನಾ ಕೇಳುವ ಮಾತೇ. ರಾತ್ರಿ ಅಣ್ಣಯ್ಯ ತಾನು ಉಂಡೆದ್ದ ಮೇಲೆ, ತನ್ನ ಜಗಲಿಯ ಮೂಲೆಯಲ್ಲಿದ್ದ ಸ್ಟೀಲಿನ ತಟ್ಟೆಗೆ ಅನ್ನ ಹಾಕಿ, ಅದೇ ದನಿಯಲ್ಲಿ "ಉಣ್" ಎಂದು ಅದನ್ನು ಕರೆಯುತ್ತಿದ್ದ.

ಚಿತ್ರದಲ್ಲಿ ಮೊದಲ ವರ್ಷದ ಹೊಸ್ತು ಬಂತು, ಎರಡನೆಯ ವರ್ಷದ್ದು ಬಂತು. ಮೂರನೆಯದಕ್ಕೆ ಪರದೆ ಖಾಲಿ.

ಹೋದ ವರ್ಷ ನೀವು ಹೇಳಲಿಲ್ಲ ಅಲ್ಲವಾ, ಯಾಕೆ ಎಂದು ಕೇಳಿದಳು. ಹೋದ ವರ್ಷ ಗದ್ದೆಯನ್ನೇ ಹಡಿಲು ಬಿಟ್ಟಿದ್ದೆವಲ್ಲ ಎಂದೆ. ನಾಟಿಗೆ ಜನ ಸಿಗಲಿಲ್ಲ, ಬೇಸಾಯವಿಲ್ಲ. ಬೇಸಾಯವಿಲ್ಲದ ಮೇಲೆ ಹೊಸ ಅಕ್ಕಿಯಿಲ್ಲ. ಹೊಸ ಅಕ್ಕಿಯಿಲ್ಲದ ಮೇಲೆ ಹೊಸ್ತಿಲ್ಲ. ಕಾರಣವಿಲ್ಲದೆ ಕಾರ್ಯವಿಲ್ಲ ಎಂದು ಮೂವತ್ತು ವರ್ಷ ಪಾಠ ಮಾಡಿದವನ ತರ್ಕ. ಅದರಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಆ ದಿನ ನಾನು ಅಂಗಡಿಯ ಕುಚ್ಚಲಕ್ಕಿಯ ಅನ್ನವನ್ನು ಬಂಗುಡೆ ಸಾರಿನಲ್ಲಿ ಉಂಡು ಮಲಗಿದ್ದೆ.

ಅವಳು ಲ್ಯಾಪ್‌ಟಾಪ್ ಅರ್ಧ ಮುಚ್ಚಿದಳು. ಆ ದಿನ ಗೋಡೆಯಾಚೆ ಏನಾಯಿತೆಂದು ಹೇಳಿದಳು. ಅಣ್ಣಯ್ಯ ಬೆಳಿಗ್ಗೆ ಬ್ರಹ್ಮಾವರದ ಕಡೆ ಯಾರದೋ ಗದ್ದೆಯಿಂದ ಕೇಳಿ ಒಂದು ಹಿಡಿ ಕದಿರು ತಂದಿದ್ದನಂತೆ. ಅದನ್ನು ಎರಡು ಪಾಲು ಮಾಡಿ, ಒಂದನ್ನು ತನ್ನ ಬಾಗಿಲಿಗೆ ಕಟ್ಟಿ, ಇನ್ನೊಂದನ್ನು ಗೋಡೆಯ ಮೇಲೆ ಇಟ್ಟಿದ್ದನಂತೆ. ಬೆಕ್ಕು ಮಲಗುವ ಜಾಗದಲ್ಲಿ. ನಾನು ಅದನ್ನು ಕಂಡು, ಬೆಕ್ಕಿಗೆ ಹಾಸಿಕೊಳ್ಳಲು ಯಾರೋ ಹುಲ್ಲು ಹಾಕಿದ್ದಾರೆ ಎಂದುಕೊಂಡಿದ್ದೆ. ಈಗ ನೆನಪಾಯಿತು. ತೆನೆ ಇತ್ತೋ ಎಂದು ನೋಡಿರಲಿಲ್ಲ.

"ಅಪ್ಪಯ್ಯ ಎಲೆ ಮುಂದೆ ಕೂಕಂಡ್ ಮೂರ್ ಗಂಟಿ ತನ್ಕ ಉಣ್ಲೇ ಇಲ್ಲೆ" ಎಂದಳು. "ಅಮ್ಮ ಬೈದ್ರ್. 'ಹಿರಿಯರ್ ನೀವೇ ಅಲ್ದಾ, ಯಾರ ಹತ್ರ ಕೇಣ್ಕ್, ಉಣಿ' ಅಂದ್ರ್. 'ಅಂವ ಹೇಳ್ದೆ ನಾನ್ ಉಣ್ ಅಂಬುದ್ ಯಾರಿಗೆ' ಅಂದ್ರ್ ಅಪ್ಪಯ್ಯ. ಕಡಿಗೆ ಬೆಕ್ಕಿನ್ ಹತ್ರ, 'ಹೋಯಿ ಕಂಡ್ಕಂಡ್ ಬಾ, ಅಂವ ಉಂಡಿದ್ನಾ' ಅಂದೇಳಿ ಕಳ್ಸಿದ್ರ್."

ಬೆಕ್ಕು ಬಂದಿತ್ತು. ಅದೂ ನೆನಪಿದೆ. ಕಿಟಕಿಯಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಮೀನಿನ ಮುಳ್ಳು ಹಾಕಿ ಕಳಿಸಿದ್ದೆ.

ಇದನ್ನು ಅವಳಿಗೆ ಹೇಳಿದೆ. ಹೇಳಬೇಕೆಂದೇನೂ ಇರಲಿಲ್ಲ, ಬಾಯಿಗೆ ಬಂತು. ಅವಳು ನಗಲಿಲ್ಲ, ಅಳಲೂ ಇಲ್ಲ. ಪುಸ್ತಕ ತೆಗೆದು 'ಮುಳ್ಳು' ಎಂದು ಬರೆದುಕೊಂಡಳು. ಬೆಕ್ಕು ಬಾಯಲ್ಲಿ ಮುಳ್ಳು ಕಚ್ಚಿಕೊಂಡು ವಾಪಸು ಹೋಗಿ ಅಣ್ಣನ ಎಲೆಯ ಮುಂದೆ ಇಡುತ್ತದೆ, ಅಣ್ಣನಿಗೆ ಉತ್ತರ ಸಿಗುತ್ತದೆ ಎಂದಳು. ಐದು ನಿಮಿಷ ಐವತ್ತು ಸೆಕೆಂಡಿಗೆ ಅದು. ನಂತರ ತಮ್ಮ ಗೋಡೆಯ ಮೇಲಿನ ಕದಿರು ನೋಡುತ್ತಾನೆ. ಬೆಕ್ಕು ಅಲ್ಲಿಲ್ಲ. ಹೇಳುವುದಾದರೆ ನೇರವಾಗಿಯೇ ಹೇಳಬೇಕು. ಹೇಳುತ್ತಾನೆ. ಅಣ್ಣ ಉಣ್ ಎನ್ನುತ್ತಾನೆ. ಮುಗಿಯಿತು.

ಹಾಗೆ ಆಗಲಿಲ್ಲವಲ್ಲ ಎಂದು ಆಕ್ಷೇಪಣೆ ದಾಖಲಿಸಿದೆ.

"ಆದ್ದನ್ನೇ ಮಾಡ್ರೆ ಏಳ್ ನಿಮಿಷಕ್ಕೆ ಮುಗೀತಿಲ್ಲೆ ಚಿಕ್ಕಪ್ಪ" ಎಂದಳು.

ತಮ್ಮನ ದನಿ ನಾನೇ ಕೊಡಬೇಕೆಂದಾಯಿತು. ಹಂಚಿನ ಮೇಲೆ ಮಳೆ ಹೊಯ್ಯುವ ಸದ್ದು ಧ್ವನಿಗ್ರಹಣಕ್ಕೆ ಅಡ್ಡಿಯಾದ್ದರಿಂದ ಅಣ್ಣಯ್ಯನ ಮಲಗುವ ಕೋಣೆಯಲ್ಲಿ, ಮಂಚದ ಮೇಲೆ, ಎರಡು ಕಂಬಳಿ ಹೊದಿಸಿ ನನ್ನನ್ನು ಕೂರಿಸಿದರು. ಅತ್ತಿಗೆ ಬಾಗಿಲಲ್ಲಿ ನಿಂತು, ಶೆಕೆ ಆತ್ತಾ ಎಂದು ಕೇಳಿದರು. ಕಂಬಳಿಗೆ ನಶ್ಯದ ವಾಸನೆಯಿತ್ತು. ಒಳಗೆ ಕತ್ತಲು, ನಿವೃತ್ತ ಅಧ್ಯಾಪಕನೊಬ್ಬ ಅಲ್ಲಿ ಕುಳಿತು, ಕೈಯಲ್ಲಿ ಫೋನು ಹಿಡಿದು, "ಹೊಸ್ತ್ ಉಂತೆ" ಎಂದು ಒಂಬತ್ತು ಸಲ ಹೇಳಿದ. ಮೊದಲ ಎಂಟೂ ಪಾಠ ಓದಿದ ಹಾಗಿವೆಯಂತೆ. ಒಂಬತ್ತನೆಯದು ಸುಸ್ತಾಗಿ ಹೇಳಿದ್ದು, ಅದು ಪಾಸಾಯಿತು.

ಆಮೇಲೆ ಅವಳು, ತನ್ನ ಅಪ್ಪಯ್ಯನ ದನಿ ತನ್ನ ಹತ್ತಿರ ಒಂದೇ ಇದೆ ಎಂದಳು. ಬರುವಾಗ ಹಾಲಿನ ಪ್ಯಾಕೆಟ್ ತಾ ಎಂದು ಮೊಬೈಲಿಗೆ ಕಳಿಸಿದ್ದು. ಅದರಲ್ಲಿ 'ಉಣ್' ಇಲ್ಲ. ಫೋನಿನಲ್ಲಿ ಜನ ನಿಮ್ಮಿಬ್ಬರ ದನಿಯನ್ನು ಯಾವಾಗಲೂ ಅದಲು ಬದಲು ಮಾಡುತ್ತಿದ್ದರಲ್ಲ, ಅದೊಂದನ್ನೂ ನೀವೇ ಹೇಳುತ್ತೀರಾ ಎಂದು ಕೇಳಿದಳು.

ಮತ್ತೆ ಕಂಬಳಿಯೊಳಗೆ ಹೋದೆ. ತಮ್ಮನಾಗಿ ಕೇಳಿಯಾಗಿತ್ತು, ಈಗ ಅಣ್ಣನಾಗಿ ಅಪ್ಪಣೆ ಕೊಡಬೇಕು. ಅವನು ಹೇಳುತ್ತಿದ್ದ ರೀತಿ ಗೊತ್ತಿತ್ತು. ಒಂದು ಗಳಿಗೆ ಬಿಟ್ಟು, ಮೂಗಿನಿಂದ ಸ್ವಲ್ಪ ಉಸಿರು ಬಿಟ್ಟು, ಮೆತ್ತಗೆ. ನಾನೂ ಹಾಗೆಯೇ ಮಾಡಿದೆ.

"ಉಣ್."

ಒಂದೇ ಸಲಕ್ಕೆ ಆಯಿತು. ಹೊರಗೆ ಬಂದೆ. ಏನಾದರೂ ಅನ್ನಿಸೀತೆಂದು ಕಾದೆ. ಶೆಕೆಯಾಗಿತ್ತು, ಅಷ್ಟೇ.

ಅಣ್ಣಯ್ಯನ ಜಗಲಿಗೆ ಬಂದು ಅವಳು ಎರಡನ್ನೂ ಜೋಡಿಸಿ ಕೇಳಿಸಿದಳು. ನಡುವೆ ಎಷ್ಟು ಹೊತ್ತು ಬಿಡಲಿ, ಎರಡು ಸೆಕೆಂಡಿಗಿಂತ ಹೆಚ್ಚಾದರೆ ಹಾಸ್ಯ ಕೆಡುತ್ತದೆಂದು ಮೇಷ್ಟ್ರು ಹೇಳಿದ್ದಾರೆ ಎಂದಳು. ಮೂರು ಬಿಡು, ಅವನು ಮೂರು ತೆಗೆದುಕೊಳ್ಳುತ್ತಿದ್ದ ಎಂದೆ. ಮೂರು ಬಿಟ್ಟು ಮತ್ತೊಮ್ಮೆ ಹಾಕಿದಳು. ಹೊಸ್ತ್ ಉಂತೆ. ಒಂದು, ಎರಡು, ಮೂರು. ಉಣ್.

ಗೋಡೆಯ ಮೇಲೆ ಮಲಗಿದ್ದ ಬೆಕ್ಕು ತಲೆಯೆತ್ತಿತು. ಕೆಳಗೆ ಹಾರಿ, ನಮ್ಮಿಬ್ಬರ ಕಾಲ ನಡುವೆಯೇ ಹಾದು, ಮೂಲೆಯಲ್ಲಿ ಚಳಿಗಾಲದಿಂದ ಮಗುಚಿ ಇಟ್ಟಿದ್ದ ಸ್ಟೀಲಿನ ತಟ್ಟೆಯ ಮುಂದೆ ಹೋಗಿ ಕುಳಿತಿತು. ಕುಳಿತು ಕಾಯತೊಡಗಿತು.

ಅವಳು ಲ್ಯಾಪ್‌ಟಾಪ್ ನೋಡುತ್ತಲೇ ಇದ್ದಳು. ಬಾಗಿಲಲ್ಲಿದ್ದ ಅತ್ತಿಗೆ ಒಳಗೆ ಹೋದರು. ನಾನು ತಟ್ಟೆಯನ್ನು ಎತ್ತಿ, ಧೂಳು ಕೊಡವಿ, ಅಡುಗೆಮನೆಯ ಬಾಗಿಲಿಗೆ ಹೋಗಿ ಒಂದು ಹಿಡಿ ಅನ್ನ ಕೇಳಿದೆ.